ಸ್ಪ್ರಿಂಗಣ್ಣನ ಸಾಸರು ಮತ್ತು ಬಳ್ಳಿ ಗಡಿಯಾರ

ಬಿಚ್ಚಿದ ಗಡಿಯಾರವನ್ನು ಸ್ಪ್ರಿಂಗಣ್ಣನಷ್ಟು ಬೇಗ ಜೋಡಿಸುವವನು ಈ ಭೂಮಿಯ ಮೇಲೆ ಹುಟ್ಟಿಲ್ಲ, ಹುಟ್ಟುವ ಅಂದಾಜೂ ಇಲ್ಲ. ಅವನ ಅಂಗಡಿಗೂ ನನ್ನ ಕನ್ನಡಕದ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅದರಲ್ಲಿ ತಲೆ ತೂರುವಷ್ಟು ಕಿಂಡಿ. ನನ್ನ ಮೈ ನನ್ನ ಅಂಗಡಿಯಲ್ಲಿದ್ದರೂ ತಲೆಯ ಅರ್ಧ ಆಯುಷ್ಯ ಕಳೆದದ್ದು ಅವನ ಅಂಗಡಿಯಲ್ಲೇ. ಆದ್ದರಿಂದ ಈ ವಿಷಯದಲ್ಲಿ ನನಗಿಂತ ದೊಡ್ಡ ಸಾಕ್ಷಿ ಸಿಗಲಾರ.

ಲೋಕದ ಬೇರೆ ರಿಪೇರಿಯವರೆಲ್ಲ ಬಿಚ್ಚಿದ ಸ್ಕ್ರೂಗಳನ್ನು ಸಾಲಾಗಿ, ಒಂದೊಂದಕ್ಕೆ ಒಂದೊಂದು ಪುಟ್ಟ ಬಟ್ಟಲು ಎಂಬಂತೆ ಜೋಪಾನ ಮಾಡುತ್ತಾರೆ. ಸ್ಪ್ರಿಂಗಣ್ಣ ಎಲ್ಲವನ್ನೂ ಒಂದೇ ಸಾಸರಿಗೆ ಸುರಿಯುತ್ತಿದ್ದ. ಸುರಿದು, ಗಿರಾಕಿಯ ಮೂಗಿನ ಕೆಳಗೆ ಹಿಡಿದು, ಗಲಗಲ ಅಲ್ಲಾಡಿಸಿ, ನೀವೇ ಒಂದು ಸಲ ಬೆರಳಾಡಿಸಿ ಕಲಸಿಬಿಡಿ ಎನ್ನುತ್ತಿದ್ದ. ಗಿರಾಕಿ ಅನುಮಾನದಿಂದಲೇ ಕಲಸುತ್ತಿದ್ದ. ಆಮೇಲೆ ಸ್ಪ್ರಿಂಗಣ್ಣ ಗಿರಾಕಿಯ ಮುಖವನ್ನೇ ನೋಡುತ್ತ, ಬೀದಿಯ ಸುದ್ದಿ ಹೇಳುತ್ತ, ಸಾಸರಿನ ಕಡೆ ಕಣ್ಣನ್ನೂ ಹಾಯಿಸದೆ ಜೋಡಿಸಿ ಮುಗಿಸುತ್ತಿದ್ದ. ಗಡಿಯಾರ ಟಿಕ್ ಎನ್ನುವ ಹೊತ್ತಿಗೆ ಗಿರಾಕಿಯ ಬಾಯಿ ತೆರೆದಿರುತ್ತಿತ್ತು. ಒಮ್ಮೆ ಒಬ್ಬ ಬಟ್ಟೆ ವ್ಯಾಪಾರಿಯ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಎದುರು ಸಾಲಿನ ಹಲ್ಲಿನ ಡಾಕ್ಟರು ಹೇಗೂ ತೆರೆದಿದೆಯಲ್ಲ ಎಂದು ಒಂದು ದವಡೆ ಹಲ್ಲು ಕಿತ್ತೇ ಕಳಿಸಿದರು.

ಆತುರ ಅವನಿಗೆ ಹುಟ್ಟಿನ ಜೊತೆಗೇ ಬಂದದ್ದು. ಸೂಲಗಿತ್ತಿ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾಗಲೇ ಅವನು ಹುಟ್ಟಿಬಿಟ್ಟನಂತೆ. ಅವಳಿಗೆ ಬಾಗಿಲು ತೆಗೆದವನೂ ಅವನೇ ಎಂದು ಅವನ ತಾಯಿ ನಗಾಡುತ್ತಿದ್ದರು. ನಡೆದರೆ ಅವನ ನೆರಳು ಹಿಂದೆ ಬಿದ್ದು ಏದುಸಿರು ಬಿಡುತ್ತಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೀದಿಯವರು ಅವನಿಗೆ ಸ್ಪ್ರಿಂಗಣ್ಣ ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತೆಂದು ನನ್ನ ಗುಮಾನಿ.

ಅವನ ಅಪ್ಪನೂ ಅದೇ ಬೆಂಚಿನ ಮೇಲೆ ಕೂತು ಗಡಿಯಾರ ರಿಪೇರಿ ಮಾಡಿದವರು. ಆದರೆ ಇಬ್ಬರಿಗೂ ಅಜಗಜಾಂತರ. ಗಡಿಯಾರ ಕೊಡಲು ಬ್ರಹ್ಮಚಾರಿಯಾಗಿ ಬಂದವನು ಅದನ್ನು ತೆಗೆದುಕೊಂಡು ಹೋಗಲು ಹೆಂಡತಿ ಮಕ್ಕಳ ಸಮೇತ ಬರುತ್ತಿದ್ದ, ಅಷ್ಟು ನಿಧಾನ ಆ ಹಿರಿಯರದು. ಹಾಗೆಂದು ಯಾರೂ ಬೇರೆ ಕಡೆ ಹೋಗುತ್ತಿರಲಿಲ್ಲ. ಅವರ ಕೈ ದಾಟಿ ಹೋದ ಗಡಿಯಾರ ಮೊಮ್ಮಕ್ಕಳ ಕಾಲಕ್ಕೂ ಕೆಮ್ಮುತ್ತಿರಲಿಲ್ಲ.

ಆ ಹಿರಿಯರ ಬಳಿ ಒಂದು ಮೇಜಿನ ಗಡಿಯಾರವಿತ್ತು. ಇಂಗ್ಲೆಂಡಿನದು, ಎಷ್ಟು ಹಳೆಯದೆಂದರೆ ಅದನ್ನು ಮಾಡಿದವನ ಹೆಸರು ಅಂಕಿಗಳ ಬಿಲ್ಲೆಯ ಮೇಲೆ ಸವೆದು ಸವೆದು ಬಾಲ ಮಾತ್ರ ಉಳಿದಿತ್ತು. ನಾವು ಅವನನ್ನು 'ಆ ಪುಣ್ಯಾತ್ಮ' ಎಂದೇ ಕರೆಯುತ್ತಿದ್ದೆವು. ಛಾಪಖಾನೆಯ ಯಜಮಾನರೊಬ್ಬರ ಮೇಜಿನ ಮೇಲಿದ್ದ ಗಡಿಯಾರ. ಅದನ್ನು ಬಹಳ ಕಾಲ ನೋಡಿಕೊಂಡ ಪ್ರೀತಿಗೆ ಅವರು ಕೊನೆಗಾಲದಲ್ಲಿ ಇವರಿಗೇ ಕೊಟ್ಟಿದ್ದರು. ಗೇಣುದ್ದದ ಪೆಟ್ಟಿಗೆ, ಹಿತ್ತಾಳೆಗೆ ಚಿನ್ನದ ನೀರು. ನಾಲ್ಕು ಮೂಲೆಗೆ ಹುರಿಹಾಕಿದಂಥ ಕಂಬ, ನೆತ್ತಿಯ ಮೇಲೆ ಎರಡು ಎಲೆ ಬಾಗಿ ಕೂಡಿಕೊಂಡಂತೆ ಹಿಡಿಕೆ. ಬಿಳಿಯ ಬಿಲ್ಲೆ, ಬೆಂಕಿಗೆ ಹಿಡಿದು ನೀಲಿಗಟ್ಟಿಸಿದ ಉಕ್ಕಿನ ಮುಳ್ಳು. ಅದರ ನಿಜವಾದ ಚೆಲುವು ಇದ್ದದ್ದು ಬೆನ್ನಿನಲ್ಲಿ. ಹಿಂದಿನ ಗಾಜಿನ ಬಾಗಿಲು ತೆಗೆದರೆ ಯಂತ್ರವನ್ನು ಮುಚ್ಚಿದ ಹಿತ್ತಾಳೆಯ ತಗಡು. ಅದರ ಮೇಲೆಲ್ಲ ಕೆತ್ತಿದ ಒಂದು ಬಳ್ಳಿ. ಎಲೆಯ ನರ ನರವೂ ಕಾಣಬೇಕು, ಸುರುಳಿಯ ತುದಿ ಕೂದಲಿಗಿಂತ ಸಣ್ಣಗಾಗಿ ಗಾಳಿಯಲ್ಲಿ ಕರಗಬೇಕು, ಹಾಗೆ. ಒಮ್ಮೆ ಒಂದು ಜೇನುಹುಳ ನಮ್ಮ ಬೀದಿಯ ಹೂವಿನಂಗಡಿಯನ್ನು ಬಿಟ್ಟು ಬಂದು ಈ ಬಳ್ಳಿಯ ಮೇಲೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೇಜಿನ ಗಡಿಯಾರವಾದ್ದರಿಂದ ಕೂತ ಯಜಮಾನನಿಗೆ ಹೊತ್ತು ಕಾಣುತ್ತದೆ, ಎದುರು ಬಂದು ನಿಂತವನಿಗೆ ಹೂವು ಕಾಣುತ್ತದೆ. ನಿಂತವನಿಗೆ ತಾನು ಎಷ್ಟು ಹೊತ್ತು ನಿಂತೆ ಎಂಬುದು ತಿಳಿಯುವುದೇ ಇಲ್ಲ. ಆ ಪುಣ್ಯಾತ್ಮ, ಯಜಮಾನರ ಸ್ವಭಾವವನ್ನು ಚೆನ್ನಾಗಿ ಬಲ್ಲವನು.

ಹಿರಿಯರು ಕೈ ನಡುಗಲು ಶುರುವಾದ ಮೇಲೆ ಅಂಗಡಿಯನ್ನು, ಬೆಂಚನ್ನು, ಚಿಮುಟ ಅರಗಳನ್ನೆಲ್ಲ ಮಗನಿಗೆ ಕೊಟ್ಟರು. ಈ ಗಡಿಯಾರವನ್ನು ಮಾತ್ರ ಮಗಳಿಗೆ, ಸ್ಪ್ರಿಂಗಣ್ಣನ ಅಕ್ಕನಿಗೆ, ಕೊಟ್ಟರು. ಕೊಡುವಾಗ ಮಗ ಎದುರಿಗಿದ್ದಾನೆಂದು ದನಿಯನ್ನೂ ತಗ್ಗಿಸಲಿಲ್ಲ. ಇದು ಕೆಟ್ಟು ನಿಂತರೂ ಪರವಾಗಿಲ್ಲ, ಅವನ ಕೈಗೆ ಕೊಡಬೇಡ, ಅವನಿಗೆ ಕೆಲಸ ಬರುತ್ತದೆ ಆದರೆ ಕೈ ಆತುರದ್ದು, ಎಂದರು. ಅಷ್ಟು ಹೇಳಿ, ಒಂದೆರಡು ವರ್ಷ ನಿಧಾನವಾಗಿಯೇ ಬದುಕಿ ತೀರಿಹೋದರು.

ಆ ಮಾತು ಸ್ಪ್ರಿಂಗಣ್ಣನ ಗಂಟಲಲ್ಲಿ ಸಿಕ್ಕಿಕೊಂಡಿತು. ನುಂಗಲಿಲ್ಲ, ಉಗುಳಲೂ ಇಲ್ಲ. ಅಕ್ಕನ ಮೇಲೆ ಅವನು ಮುನಿಸೇನೂ ತೋರಿಸಲಿಲ್ಲ. ಆದರೆ ಅವಳ ಮನೆಗೆ ಹೋದರೆ ಹಿಂಬಾಗಿಲಿನಿಂದ ನುಗ್ಗಿ, ಅಡುಗೆಮನೆಯಲ್ಲೇ ನಿಂತು ಕಾಫಿ ಕುಡಿದು, ಹಿಂಬಾಗಿಲಿನಿಂದಲೇ ಹೊರಬೀಳುತ್ತಿದ್ದ. ಮುಂದಿನ ಕೋಣೆಯಲ್ಲಿ ಗಡಿಯಾರವಿತ್ತಲ್ಲ. ಅಕ್ಕನ ಮಗಳ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರೆಲ್ಲ ಮುಂದಿನ ಕೋಣೆಯಲ್ಲಿ ಕೂತಿದ್ದರೆ, ಸೋದರಮಾವನಾದ ಇವನು ಅಡುಗೆಮನೆಯ ಬಾಗಿಲ ಸಂದಿಯಿಂದ ಕೂಗಿ ಕೂಗಿ ಒಪ್ಪಿಗೆ ಕೊಟ್ಟ. ಈ ಮಾವನಿಗೆ ಏನಾದರೂ ಅಂಟುರೋಗವೇ ಎಂದು ಬೀಗರು ವಿಚಾರಿಸಿದರಂತೆ.

ಅಕ್ಕ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೂತು ಮಾತ್ರೆ ಎಣಿಸಿ ಕೊಟ್ಟು ನಿವೃತ್ತಳಾದವಳು. ಮಾತನ್ನೂ ಹಾಗೆಯೇ ಕೊಡುತ್ತಿದ್ದಳು, ಊಟಕ್ಕೆ ಮುಂಚೆ ಒಂದು, ಊಟದ ಮೇಲೆ ಒಂದು. ಒಂದು ಬೆಳಗ್ಗೆ ಅವಳು ಟವೆಲಿನಲ್ಲಿ ಸುತ್ತಿದ ಗಂಟನ್ನು ತಂದು ತಮ್ಮನ ಬೆಂಚಿನ ಮೇಲಿಟ್ಟಳು. ಗಡಿಯಾರ ನಿಂತುಹೋಗಿತ್ತು. ಪೇಟೆಯ ದೊಡ್ಡ ಅಂಗಡಿಗೆ ಒಯ್ದಿದ್ದಳಂತೆ. ಅಲ್ಲಿಯವರು ಒಳಗಿನದನ್ನೆಲ್ಲ ಕಿತ್ತು ಬಿಸಾಕಿ ಬ್ಯಾಟರಿ ಮೆಷಿನ್ ಕೂರಿಸಿಕೊಡುತ್ತೇವೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದರಂತೆ. ಅವಳು ಗಡಿಯಾರವನ್ನು ಎದೆಗವಚಿಕೊಂಡು ಅಲ್ಲಿಂದ ಹೊರಬಿದ್ದವಳು ಸೀದಾ ಇಲ್ಲಿಗೆ ಬಂದಿದ್ದಳು.

"ಅಪ್ಪನ ಮಾತು ಮೀರಿ ತಂದಿದೀನಿ ಕಣೋ" ಎಂದಳು. "ಇದಕ್ಕೆ ಒಂದು ಗೀರೂ ಬೀಳದ ಹಾಗೆ ನಡೆಸಿಕೊಡು. ನಿನ್ನ ಕೈ ಬಗ್ಗೆ ಅಪ್ಪ ಹೇಳಿದ್ದು ತಪ್ಪು ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ."

ಸ್ಪ್ರಿಂಗಣ್ಣ ಟವೆಲಿನ ಗಂಟನ್ನು ಹತ್ತಿರ ಎಳೆದುಕೊಂಡ. ಅವನ ಕಿವಿ ಕೆಂಪಾಯಿತು. ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ ಎಂಬುದು ಕಿಂಡಿಯಲ್ಲಿ ತಲೆಯಿಟ್ಟಿದ್ದ ನನಗೂ ಗೊತ್ತಾಯಿತು.

ಅಕ್ಕ ಬೀದಿಯ ತಿರುವು ದಾಟಿದಳೋ ಇಲ್ಲವೋ, ಗಡಿಯಾರ ಬಿಚ್ಚಿಯಾಗಿತ್ತು. ಅಪ್ಪ ಬಿಚ್ಚುತ್ತಿದ್ದಾಗ ಇವನನ್ನು ಹತ್ತಿರ ಸೇರಿಸುತ್ತಿರಲಿಲ್ಲವಾದ್ದರಿಂದ ಇವನು ಒಳಗನ್ನು ನೋಡಿದ್ದು ಅದೇ ಮೊದಲು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದ. ಆಮೇಲೆ ನನ್ನನ್ನು ಕರೆದು ತೋರಿಸಿದ. ಯಾರ ಕಣ್ಣಿಗೂ ಬೀಳದ ಒಳಗಿನ ಚಕ್ರಗಳ ಕಡ್ಡಿಗಳನ್ನು ಸಹ ಆ ಪುಣ್ಯಾತ್ಮ ಅರದಿಂದ ದುಂಡಗೆ ತಿದ್ದಿ, ಹೊಳಪು ಕೊಟ್ಟಿದ್ದ. ಹಲ್ಲು ಒಂದೊಂದೂ ಹಾಲುಹಲ್ಲಿನ ಹಾಗೆ ಮುದ್ದಾಗಿತ್ತು. ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಯಾರ ಬಾಯಲ್ಲೂ ಅಂಥ ಸಾಲನ್ನು ನಾನು ಕಂಡಿಲ್ಲ. ಆಗಿದ್ದ ತೊಂದರೆ ಏನೂ ದೊಡ್ಡದಲ್ಲ. ಹಳೆಯ ಎಣ್ಣೆ ಒಣಗಿ ಅಂಟಾಗಿ ಚಕ್ರಗಳನ್ನು ಹಿಡಿದುಕೊಂಡಿತ್ತು. ತೊಳೆದು, ಒರೆಸಿ, ಹೊಸ ಎಣ್ಣೆ ಮುಟ್ಟಿಸಿದರೆ ಮುಗಿಯಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಅಕ್ಕನಿಗೆ ಫೋನ್ ಮಾಡುತ್ತೇನೆ ಎಂದು ಅವನು ಹಲ್ಲು ಕಿರಿದ.

ಹಿಂದಿನ ತಗಡಿನ ಸ್ಕ್ರೂಗಳನ್ನೆಲ್ಲ ಎಂದಿನಂತೆ ಸಾಸರಿಗೆ ಸುರಿದಿದ್ದ. ಒಂದೇ ಒಂದು, ಮೂಲೆಯದು, ತುಕ್ಕು ಹಿಡಿದು ಅಲುಗಲಿಲ್ಲ. ಅದು ತಗಡಿನ ಒಳಮೈಗೆ ಒಂದು ಪಟ್ಟಿಯನ್ನು ಹಿಡಿದದ್ದಷ್ಟೆ, ಅದು ಇದ್ದರೂ ತಗಡು ಬಿಚ್ಚಿಬರುತ್ತಿತ್ತಾದ್ದರಿಂದ ಅದರ ಪಾಡಿಗೆ ಬಿಟ್ಟ. ಗಿರಾಕಿ ಯಾರೂ ಎದುರಿಗಿರಲಿಲ್ಲವಾಗಿ ಸಾಸರನ್ನು ನನ್ನ ಮೂಗಿನ ಕೆಳಗೇ ಹಿಡಿದ. ನಾನೂ ಕಲಸಿದೆ. ಇನ್ನೊಂದು ಅಭ್ಯಾಸವಿತ್ತು ಅವನಿಗೆ. ಜೋಡಿಸುವ ಮೊದಲು ಪ್ರತಿ ಸ್ಕ್ರೂವಿನ ತಲೆಯನ್ನೂ ಸಣ್ಣ ಉಜ್ಜುಕಾಗದದ ಮೇಲೆ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದ. ಗಡಿಯಾರದ ಒಳಗೆ ಏನು ಕೆಲಸವಾಗಿದೆ ಎಂದು ಗಿರಾಕಿಗೆ ತಿಳಿಯುವುದಿಲ್ಲ, ಸ್ಕ್ರೂ ಫಳಫಳ ಹೊಳೆದರೆ ಮಾತ್ರ ಕೆಲಸವಾಗಿದೆ ಎಂದು ನಂಬುತ್ತಾನೆ ಎಂಬುದು ಅವನ ಸಿದ್ಧಾಂತ. ಕಂದು ಹಿಡಿದಿದ್ದ ಆ ಮುದಿ ಸ್ಕ್ರೂಗಳನ್ನೂ ಹಾಗೆಯೇ ತಿಕ್ಕಿದ. ಮಧ್ಯಾಹ್ನದ ಬಿಸಿಲಿಗೆ ಸಾಸರು ನಗೆಯಾಡುತ್ತಿತ್ತು.

ಚಕ್ರಗಳನ್ನು ತೊಳೆದು, ಎಣ್ಣೆ ಮುಟ್ಟಿಸಿ, ಜೋಡಿಸಲು ಕೂತ. ಮೊದಲನೆಯ ಸ್ಕ್ರೂ ತೂತಿನ ಬಾಯಲ್ಲೇ ನಿಂತಿತು. ಅದನ್ನು ಬಿಟ್ಟು ಇನ್ನೊಂದು ಹಾಕಿದ. ಅದು ಅರ್ಧ ಸುತ್ತು ಹೋಗಿ ಹಲ್ಲು ಕಚ್ಚಿತು. ಮೂರನೆಯದು ಒಳಗೆ ಬಿದ್ದು ಲೊಡಲೊಡ ಎಂದಿತು. ಸ್ಪ್ರಿಂಗಣ್ಣ ಹೇಳುತ್ತಿದ್ದ ಬೀದಿಯ ಸುದ್ದಿ ನಡುವೆಯೇ ನಿಂತುಹೋಯಿತು. ಯಾರೋ ಯಾರನ್ನೋ ಕರೆದುಕೊಂಡು ಓಡಿಹೋದ ಸುದ್ದಿ. ಆ ಇಬ್ಬರೂ ಎಲ್ಲಿಗೆ ತಲುಪಿದರೆಂದು ನನಗೆ ಇವತ್ತಿಗೂ ತಿಳಿಯದು.

ಅವನು ಭೂತಗನ್ನಡಿ ಹಾಕಿಕೊಂಡು ತಗಡಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಮತ್ತೆ ತಲೆಯೆತ್ತಿದಾಗ ಮುಖ ಗಾಳಿ ಬಿಟ್ಟ ಬಲೂನಿನಂತಾಗಿತ್ತು.

ನಾವು ದಿನಾ ನೋಡುವ ಗಡಿಯಾರದ ಸ್ಕ್ರೂಗಳನ್ನು ಕಾರ್ಖಾನೆಯ ಮೆಷಿನ್ನು ಸಾವಿರಗಟ್ಟಲೆ ಉದುರಿಸುತ್ತದೆ. ಅಣ್ಣನ ಅಂಗಿ ತಮ್ಮನಿಗೂ ಆಗುವ ಹಾಗೆ ಒಂದರ ಜಾಗಕ್ಕೆ ಇನ್ನೊಂದು ಆಗುತ್ತದೆ. ಸ್ಪ್ರಿಂಗಣ್ಣನ ಸಾಸರಿನ ಪವಾಡದ ಒಳಗುಟ್ಟು ಇಷ್ಟೇ. ಆ ಪುಣ್ಯಾತ್ಮನ ಕಾಲದಲ್ಲಿ ಅಂಥ ಮೆಷಿನ್ ಎಲ್ಲಿಂದ ಬರಬೇಕು. ಅವನು ಒಂದೊಂದು ಸ್ಕ್ರೂವನ್ನೂ ಕೈಯಲ್ಲಿ ಕಡೆದು, ಅದಕ್ಕೆಂದೇ ಒಂದೊಂದು ತೂತು ಕೊರೆದಿದ್ದ. ಒಂದಕ್ಕೆ ಇನ್ನೊಂದು ಆಗುವುದಿಲ್ಲ. ಯಾವುದು ಎಲ್ಲಿಗೆ ಎಂದು ತಿಳಿಯಲೆಂದು ಪ್ರತಿ ಸ್ಕ್ರೂವಿನ ತಲೆಯ ಮೇಲೆ ಮೊಳೆಯಿಂದ ಸಣ್ಣ ಚುಕ್ಕಿ ಕುಟ್ಟಿದ್ದ, ಒಂದರ ಮೇಲೆ ಒಂದೇ ಚುಕ್ಕಿ, ಇನ್ನೊಂದರ ಮೇಲೆ ಎರಡು, ಹೀಗೆ. ತಗಡಿನಲ್ಲಿ ಆಯಾ ತೂತಿನ ಪಕ್ಕದಲ್ಲೂ ಅಷ್ಟೇ ಚುಕ್ಕಿ. ಅವು ಬರೀ ಚುಕ್ಕಿಯಾಗಿ ಕಂಡರೆ ಕೆತ್ತನೆಯ ಅಂದ ಕೆಡುತ್ತದಲ್ಲ, ಬಳ್ಳಿಯ ಸಂದಿಯಲ್ಲಿ ಹಣ್ಣು ಬಿಟ್ಟಂತೆ ಮಾಡಿದ್ದ. ಒಂದು ತೂತಿನ ಬಳಿ ಒಂಟಿ ಹಣ್ಣು, ಇನ್ನೊಂದರ ಬಳಿ ಜೋಡಿ ಹಣ್ಣು, ಮತ್ತೊಂದರ ಬಳಿ ಗೊಂಚಲು. ಅಷ್ಟೂ ಹಣ್ಣು ಬಳ್ಳಿಯಲ್ಲಿ ಹಾಗೇ ಇದ್ದವು. ಸ್ಕ್ರೂಗಳ ತಲೆ ಮಾತ್ರ ನುಣ್ಣಗೆ, ಬೆಳ್ಳಗೆ, ಕ್ಷೌರ ಮಾಡಿಸಿಕೊಂಡು ಬಂದಂತಿತ್ತು.

ನಾನು ಒಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. ಕಿಂಡಿಯಿಂದ ತಲೆ ಹಿಂದಕ್ಕೆ ಎಳೆದುಕೊಳ್ಳುವುದು ವಾಸಿ ಎನಿಸಿತು.

ಆದರೂ ನೋಡುತ್ತಲೇ ಇದ್ದೆ. ತೂತುಗಳನ್ನು ಚೂರು ದೊಡ್ಡದು ಮಾಡಿ ಹೊಸ ಸ್ಕ್ರೂ ಹಾಕಿದ್ದರೆ ಸಂಜೆಗೆ ಕೆಲಸ ಮುಗಿಯುತ್ತಿತ್ತು. ಅವನು ಕೊರೆಯುವ ಸಾಧನವನ್ನು ಕೈಗೆತ್ತಿಕೊಂಡದ್ದೂ ನಿಜ. ಒಂಟಿ ಹಣ್ಣಿನ ತೂತಿನ ಮೇಲೆ ಅದರ ಮೂತಿ ಇಟ್ಟದ್ದೂ ನಿಜ. ಅಲ್ಲಿಂದ ಎತ್ತಿ ಡ್ರಾಯರಿಗೆ ಹಾಕಿ, ಡ್ರಾಯರಿಗೆ ಬೀಗ ಹಾಕಿ, ಬೀಗದ ಕೈಯನ್ನು ಊಟ ತಂದ ಹೆಂಡತಿಗೆ ಕೊಟ್ಟು ಕಳಿಸಿದ.

ದಾರಿ ತೋರಿದ್ದು ತುಕ್ಕು ಹಿಡಿದು ಕೂತಿದ್ದ ಆ ಮೂಲೆಯ ಸ್ಕ್ರೂ. ಅದೊಂದರ ಚುಕ್ಕಿಗಳು ಮಾತ್ರ ಉಳಿದಿದ್ದವಲ್ಲ, ಅವನ್ನು ನೋಡಲು ಹೋದವನಿಗೆ ಬೇರೆಯದೇ ಕಂಡಿತು. ಬಳ್ಳಿಯ ಕಾಂಡ ಆ ಸ್ಕ್ರೂವಿನ ಈ ಕಡೆ ಬಂದು ಮುಟ್ಟಿ, ಆ ಕಡೆಯಿಂದ ಮುಂದುವರಿಯುತ್ತಿತ್ತು. ಸ್ಕ್ರೂವಿನ ತಲೆಯ ಮೇಲಿನ ಸೀಳು, ಸ್ಕ್ರೂಡ್ರೈವರ್ ಇಡುವ ಸೀಳು, ಸರಿಯಾಗಿ ಆ ಕಾಂಡದ ಸಾಲಿನಲ್ಲೇ ಬಿದ್ದಿತ್ತು, ಕಾಂಡವೇ ಸ್ಕ್ರೂವಿನ ಮೇಲೆ ಹಾದುಹೋದಂತೆ. ಸ್ಪ್ರಿಂಗಣ್ಣ ಉಳಿದ ತೂತುಗಳನ್ನು ನೋಡಿದ. ಪ್ರತಿ ತೂತಿನ ಈ ಕಡೆ ಆ ಕಡೆ ಕಾಂಡ ಕಡಿದು ನಿಂತಿತ್ತು. ತನ್ನ ತೂತಿಗೆ ಸೇರಿದ ಸ್ಕ್ರೂ ಕೊನೆಯವರೆಗೆ ಬಿಗಿದು ಕೂತಾಗ ಸೀಳು ಕಾಂಡವನ್ನು ಕೂಡಿಸಬೇಕು. ಕೂಡಿಸದಿದ್ದರೆ ಅದು ಬೇರೆ ತೂತಿನ ಮಗ. ಚುಕ್ಕಿ ಲೆಕ್ಕ ಕೆಲಸದವರಿಗೆ. ಈ ಸೀಳಿನ ಲೆಕ್ಕ ಬಹುಶಃ ಆ ಪುಣ್ಯಾತ್ಮ ತನ್ನ ಖುಷಿಗೆ ಮಾಡಿಕೊಂಡದ್ದು. ಇಷ್ಟು ಕಾಲ ಅದನ್ನು ಯಾರಾದರೂ ಗಮನಿಸಿದ್ದರೋ ಇಲ್ಲವೋ.

ಅಲ್ಲಿಂದ ಶುರುವಾಯಿತು ನಮ್ಮ ಬೀದಿ ಕಂಡು ಕೇಳರಿಯದ ನಿಧಾನ. ಪ್ರತಿ ಸ್ಕ್ರೂವನ್ನೂ ಪ್ರತಿ ತೂತಿಗೂ ಬೆರಳ ತುದಿಯಿಂದಲೇ ತಿರುಗಿಸಿ ನೋಡಬೇಕು. ಒಂದು ಕೂದಲೆಳೆಯಷ್ಟು ತಡೆ ಬಂದರೂ ನಿಲ್ಲಿಸಿ ಹಿಂದೆ ತಿರುಗಿಸಬೇಕು. ಜಗ್ಗಿದರೆ ಹಿತ್ತಾಳೆ ಸೋಲುತ್ತದೆ, ಆಮೇಲೆ ಆ ತೂತಿಗೆ ಅದರ ಸ್ಕ್ರೂವೂ ಆಗುವುದಿಲ್ಲ. ಸ್ಪ್ರಿಂಗಣ್ಣ ಉಸಿರು ಬಿಡುವುದನ್ನೂ ಕಂತಿನಲ್ಲಿ ಮಾಡತೊಡಗಿದ. ಅವನ ಭುಜದ ಮೇಲೆ ಜೇಡ ಬಲೆ ಕಟ್ಟತೊಡಗಿತು. ಅದು ಮುಗಿಸಿ ಹೋಯಿತು, ಇವನು ಮುಗಿಸಿರಲಿಲ್ಲ. ಅವನ ಹೆಂಡತಿ ಕಾಫಿ ತಂದಿಟ್ಟರೆ ಅದು ಆರಿ ಕೆನೆಗಟ್ಟುತ್ತಿತ್ತು. ಬಿಸಿ ಕಾಫಿಯನ್ನು ಲೋಟಕ್ಕೆ ಬೀಳುವ ಮೊದಲೇ ಕುಡಿಯುತ್ತಿದ್ದ ಗಂಡಸು. ಆಕೆ ಹೆದರಿ ನನ್ನ ಬಳಿ ಬಂದು, ಇವರಿಗೆ ಎದೆಯಲ್ಲಿ ಏನೋ ಆಗಿದೆ, ಎರಡು ದಿನದಿಂದ ನನ್ನ ಮೇಲೆ ರೇಗಿಲ್ಲ ಎಂದು ಅತ್ತರು. ಕೈಗಡಿಯಾರ ಕೊಡಲು ಬಂದ ಗಿರಾಕಿಗಳು ಅಂಗಡಿಯೊಳಗೆ ಇಣುಕಿ, ಯಾರೋ ಹೊಸಬರು ಕೂತಿದ್ದಾರೆಂದು ವಾಪಸು ಹೋದರು.

ಒಂದೊಂದಾಗಿ ಸ್ಕ್ರೂಗಳು ತಮ್ಮ ಮನೆ ಸೇರಿದವು. ಕೊನೆಯದು ಕೂತು ಕಾಂಡ ಕೂಡಿಕೊಂಡಾಗ ಅವನು ಅಬ್ಬಾ ಎನ್ನಲೂ ಇಲ್ಲ. ಕೀಲಿ ಕೊಟ್ಟ. ಗಡಿಯಾರ ಗಂಟಲು ಸರಿಮಾಡಿಕೊಂಡು ನಡೆಯತೊಡಗಿತು.

ಆಗ ನಾನು ಒಂದು ಸಲಹೆ ಕೊಟ್ಟೆ. ಈಗ ಯಾವುದು ಎಲ್ಲಿಗೆ ಎಂದು ಗೊತ್ತಾಯಿತಲ್ಲ, ಪಕ್ಕದ ಹಣ್ಣು ನೋಡಿಕೊಂಡು ತಲೆಗಳ ಮೇಲೆ ಹೊಸದಾಗಿ ಚುಕ್ಕಿ ಕುಟ್ಟಿಬಿಡು, ಚೂರು ಕಂದು ಬಣ್ಣ ಹಚ್ಚು, ಅಕ್ಕನಿಗಿರಲಿ, ನಿನ್ನ ಭೂತಗನ್ನಡಿಗೂ ಗೊತ್ತಾಗುವುದಿಲ್ಲ ಎಂದೆ. ಅವನು ಮೊಳೆ ತೆಗೆದ, ಸುತ್ತಿಗೆ ತೆಗೆದ, ಹಳೆಯ ಸ್ಕ್ರೂವಿನ ಮೇಲೆ ಉಳಿದಿದ್ದ ಚುಕ್ಕಿಗಳನ್ನು ಬಹಳ ಹೊತ್ತು ನೋಡಿದ. ಆ ಪುಣ್ಯಾತ್ಮನ ಚುಕ್ಕಿಯ ಪಕ್ಕದಲ್ಲಿ ತನ್ನದು ಸೊಳ್ಳೆ ಕಚ್ಚಿದಂತೆ ಕಾಣುತ್ತದೆ ಎಂದು ಹೇಳಿ ಎರಡನ್ನೂ ಒಳಗಿಟ್ಟ.

ಅಕ್ಕ ಬಂದಳು. ಬೆಂಚಿನ ಮೇಲೆ ಗಡಿಯಾರ ನಡೆಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲು ಮುಖ ನೋಡುತ್ತಿದ್ದರು. ಅವಳು ಅದನ್ನು ತಿರುಗಿಸಿ, ಹಿಂದಿನ ಗಾಜಿನ ಬಾಗಿಲು ತೆಗೆದು, ನಾನೇ ಮಾಡಿಕೊಟ್ಟ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಹುಡುಗಿಯಾಗಿದ್ದಾಗ ಅಪ್ಪ ಈ ಗಡಿಯಾರ ಬಿಚ್ಚುವಾಗಲೆಲ್ಲ ದೀಪ ಹಿಡಿದು ನಿಲ್ಲುತ್ತಿದ್ದವಳು ಅವಳು. ಅದು ನನಗೂ ಸ್ಪ್ರಿಂಗಣ್ಣನಿಗೂ ಹೊಳೆದದ್ದು ಆ ಗಳಿಗೆಯಲ್ಲಿ.

"ಚುಕ್ಕಿ ಎಲ್ಲೋ?"

"ಉಜ್ಜಿಬಿಟ್ಟೆ."

"ಎಲ್ಲಾನೂ?"

"ಒಂದು ಉಳಿದಿದೆ. ಅದು ಬಿಚ್ಚೋಕೆ ಬರಲಿಲ್ಲ, ಅದಕ್ಕೆ ಉಳೀತು."

ಅಕ್ಕ ಕನ್ನಡಕ ತೆಗೆದು ಮಡಚಿದಳು. ಮತ್ತೆ ಹೇಗೆ ಜೋಡಿಸಿದೆ ಎಂದು ಕೇಳಿದಳು. ನಾನು ಕಿಂಡಿಯಲ್ಲಿ ಬಾಯಿ ತೆರೆದೆ. ಸ್ಪ್ರಿಂಗಣ್ಣ ನನ್ನ ಕಡೆ ನೋಡಿದ ನೋಟಕ್ಕೆ ಅದು ತಾನಾಗಿ ಮುಚ್ಚಿಕೊಂಡಿತು.

"ನಿಧಾನವಾಗಿ" ಎಂದ.

ಅಕ್ಕ ಬಳ್ಳಿಯ ಮೇಲೆ ಬೆರಳಾಡಿಸಿದಳು. ಬೆರಳು ಸ್ಕ್ರೂಗಳ ಮೇಲೂ ಹಾದುಹೋಯಿತು. ಸೀಳುಗಳು ಕಾಂಡವನ್ನು ಕೂಡಿಸಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಒಂದು ಗೀರೂ ಇರಲಿಲ್ಲ. ತಗಡು ನಿನ್ನೆ ಮಾಡಿದಂತಿತ್ತು.

"ಅಪ್ಪ ಹೇಳಿದ್ದು ತಪ್ಪು ಅಂತ ಹೇಳೋಣ ಅಂತ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡು ಬಂದೆ" ಎಂದಳು. "ಹೇಗೋ ಹೇಳ್ಲಿ? ನಡೀತಿದೆ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷ ಇದ್ದ ಗುರುತನ್ನ ಒಂದೇ ಮಧ್ಯಾಹ್ನ ತಿಕ್ಕಿ ಹಾಕಿದೀಯ. ಅಪ್ಪ ಹೇಳಿದ್ದು ಸರಿ. ನಿನ್ನದು ಆತುರದ ಕೈಯೇ."

ಸ್ಪ್ರಿಂಗಣ್ಣ ಟವೆಲು ಬಿಡಿಸಿದ. ಗಡಿಯಾರವನ್ನು ಅದರ ನಡುವೆ ಇಟ್ಟು, ಒಂದೊಂದೇ ತುದಿಯನ್ನು ಎತ್ತಿ ಮಡಿಸಿ, ಗಂಟು ಬಿಗಿದು, ಗಂಟು ಸರಿಯಾಯಿತೇ ಎಂದು ನೋಡಿ, ಅಕ್ಕನ ಎರಡೂ ಕೈಗೆ ಕೊಟ್ಟ.

"ಸರಿ ಅಕ್ಕಾ, ಆತುರದ ಕೈಯೇ ಆಗಲಿ" ಎಂದ. "ಆದ್ರೆ ಚುಕ್ಕಿ ಹೋದ ಮೇಲೆ ಯಾವ ಸ್ಕ್ರೂ ಎಲ್ಲಿಗೆ ಅಂತ ಗೊತ್ತಿರೋದು ಈ ಕೈ ಒಂದಕ್ಕೇ. ಇನ್ಮೇಲೆ ಅಪ್ಪನೇ ಎದ್ದು ಬಂದು ಇದನ್ನ ಬಿಚ್ಚಿದ್ರೂ, ಜೋಡಿಸೋಕೆ ನನ್ನ ಅಂಗಡಿಗೇ ಬರಬೇಕು."